ಬಾರ್, ಡ್ರಮ್, ಫ್ಲಿಪ್ಪರ್: ಮೊದಲ 15 ಕೆ.ಜಿ. ಕಾಳಗದ ರೋಬೋಟಿಗೆ ಯಾವ ಆಯುಧ?

ಅಮೆರಿಕದ ಟಿವಿ ಕಾರ್ಯಕ್ರಮ ಬ್ಯಾಟಲ್‌ಬಾಟ್ಸ್ ನೋಡಿ ಬೆಳೆದವರಿಗೆ ಉದ್ದನೆಯ ಬಾರ್ ಗಿರ್ರನೆ ತಿರುಗಿಸುವ ಯಂತ್ರ ಬೇಕು. ಬ್ರಿಟನ್ನಿನ ಹಳೆಯ ರೋಬೋಟ್ ವಾರ್ಸ್ ಪಂದ್ಯಗಳನ್ನು ಹುಡುಕಿ ನೋಡಿದವರಿಗೆ ಎದುರಾಳಿಯನ್ನು ಎತ್ತಿ ಗೋಡೆಯಾಚೆ ಒಗೆಯುವ ಫ್ಲಿಪ್ಪರ್ ಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದ ಎಂಜಿನಿಯರಿಂಗ್, ಡಿಪ್ಲೊಮಾ ಕಾಲೇಜುಗಳ ತಂಡಗಳಲ್ಲಿ ಮೊದಲ ಜಗಳ ಇಲ್ಲಿಂದಲೇ ಶುರು. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಆದರೆ ಆಯುಧವನ್ನು ಗೆಲ್ಲಿಸುವ ಮೂರು ಸಂಗತಿಗಳನ್ನು ಇಬ್ಬರೂ ಬಿಟ್ಟುಬಿಡುತ್ತಾರೆ: ಅಖಾಡದ ಗೋಡೆ ಎಷ್ಟೆತ್ತರ, ತೀರ್ಪುಗಾರರ ಅಂಕ ಯಾವುದಕ್ಕೆ, ಮತ್ತು ಮುರಿದ ಭಾಗವನ್ನು ಒಂದೇ ದಿನದಲ್ಲಿ ಮತ್ತೆ ಮಾಡಿಕೊಡುವ ಲೇತ್ ಅಂಗಡಿ ಊರಲ್ಲಿ ಇದೆಯೋ ಇಲ್ಲವೋ.

ಇಲ್ಲಿನ ಲೆಕ್ಕವೆಲ್ಲ 15 ಕೆ.ಜಿ. ವರ್ಗದ್ದು. ನಮ್ಮ ಕಾಲೇಜು ಉತ್ಸವಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ. 60 ಕೆ.ಜಿ. ಪಂದ್ಯಗಳೂ ನಡೆಯುತ್ತವೆ, ಮೊದಲ ಯಂತ್ರಕ್ಕೆ ಆ ಸಹವಾಸ ಬೇಡ.

ಟಿವಿಯಲ್ಲಿ ಗೆದ್ದದ್ದು ಯಾಕೆ ಗೆದ್ದಿತು

ರೋಬೋಟ್ ವಾರ್ಸ್ 1998ರಲ್ಲಿ ಬಿಬಿಸಿ ಟೂನಲ್ಲಿ ಶುರುವಾಯಿತು. ಅಲ್ಲಿನ ಅಖಾಡಕ್ಕೆ ಗಿಡ್ಡ ಗೋಡೆ, ನೆಲದಲ್ಲೊಂದು ಗುಂಡಿ. ಎದುರಾಳಿಯನ್ನು ಗೋಡೆ ದಾಟಿಸಿದರೆ ಅಥವಾ ಗುಂಡಿಗೆ ತಳ್ಳಿದರೆ ಪಂದ್ಯ ಅಲ್ಲಿಗೇ ಮುಗಿಯಿತು, ಒಂದು ಗೀರೂ ಬೀಳಬೇಕಿಲ್ಲ. ಹಾಗಾಗಿ ಕೇಯಾಸ್ 2 ಎಂಬ ಫ್ಲಿಪ್ಪರ್ ಮೂರನೇ ಮತ್ತು ನಾಲ್ಕನೇ ಸರಣಿಗಳೆರಡನ್ನೂ ಗೆದ್ದಿತು. ಮೂರನೆಯದರ ಫೈನಲ್‌ನಲ್ಲಿ ಅದು ಸೋಲಿಸಿದ್ದು ಹಿಪ್ನೋ-ಡಿಸ್ಕ್ ಅನ್ನು. ಎದುರಾದವರನ್ನು ಚೂರುಚೂರು ಮಾಡುತ್ತ ಬಂದಿದ್ದ ಸ್ಪಿನ್ನರ್, ಅಂದರೆ ತಿರುಗುವ ಆಯುಧದ ಯಂತ್ರ ಅದು. 2016ರಲ್ಲಿ ಕಾರ್ಯಕ್ರಮ ಮರಳಿದಾಗಲೂ ಅದೇ ಕತೆ. ಕಾರ್ಬೈಡ್ ಎಂಬ ಅಡ್ಡಬಾರಿನ ಯಂತ್ರ ನಡುವೆ ಒಂದು ಸರಣಿ ಗೆದ್ದಿತಾದರೂ, ಮೊದಲ ಫೈನಲ್‌ನಲ್ಲಿ ಅಪೊಲೊ, ಕೊನೆಯ ಫೈನಲ್‌ನಲ್ಲಿ ಇರಪ್ಷನ್ ಅದನ್ನು ಸೋಲಿಸಿದವು. ಎರಡೂ ಫ್ಲಿಪ್ಪರ್‌ಗಳೇ.

ಬ್ಯಾಟಲ್‌ಬಾಟ್ಸ್‌ನದು 48 ಅಡಿ ಚೌಕದ, ಪಾಲಿಕಾರ್ಬನೇಟ್ ಗೋಡೆಯ ಮುಚ್ಚಿದ ಪೆಟ್ಟಿಗೆ. ಎತ್ತಿ ಎಸೆದದ್ದು ಬಹುಪಾಲು ಮತ್ತೆ ಒಳಗೇ ಬೀಳುತ್ತದೆ, ಬಿದ್ದ ಮೇಲೂ ಓಡುತ್ತದೆ. ಪಂದ್ಯ ಮೂರು ನಿಮಿಷ. ಅಷ್ಟರಲ್ಲಿ ನಾಕೌಟ್ ಆಗದಿದ್ದರೆ ಅಂಕದ ತೀರ್ಪು. ಈಚಿನ ಸರಣಿಗಳಲ್ಲಿ ಒಬ್ಬೊಬ್ಬ ತೀರ್ಪುಗಾರರ ಕೈಯಲ್ಲಿ 11 ಅಂಕ: ಹಾನಿಗೆ 5, ಆಕ್ರಮಣಕ್ಕೆ 3, ಹಿಡಿತಕ್ಕೆ 3. ಇಲ್ಲಿ ಸ್ಪಿನ್ನರ್ ಮೇಲೇಳದೆ ಇನ್ನೇನಾಗುತ್ತದೆ? ಬೈಟ್ ಫೋರ್ಸ್ ತಂಡದ ಹಾದಿ ನೋಡಿದರೆ ಇದು ಸ್ಪಷ್ಟ. 2015ರಲ್ಲಿ ಅವರು ಎತ್ತುವ ತೋಳಿನ ಯಂತ್ರ ತಂದು, ಫೈನಲ್‌ನಲ್ಲಿ ಟೂಂಬ್‌ಸ್ಟೋನ್ ಎಂಬ ಭೀಕರ ಅಡ್ಡಬಾರನ್ನು ಸೋಲಿಸಿ ಗೆದ್ದರು. 2018 ಮತ್ತು 2019ರಲ್ಲಿ ಗೆದ್ದಾಗ ಅದೇ ಹೆಸರಿನ ಯಂತ್ರಕ್ಕೆ ನೆಟ್ಟಗೆ ತಿರುಗುವ ಸ್ಪಿನ್ನರ್ ಬಂದಿತ್ತು. ಗೆದ್ದ ಆಯುಧವನ್ನೇ ಕಳಚಿಟ್ಟು ಪಂದ್ಯಕ್ಕೆ ಒಗ್ಗುವ ಆಯುಧ ಹಾಕಿಕೊಳ್ಳುವುದು ದೊಡ್ಡ ಬುದ್ಧಿವಂತಿಕೆ.

ಎಲ್ಲರೂ ನೆಟ್ಟನೆಯ ಸ್ಪಿನ್ನರ್ ತಂದರೆ ಕಾಳಗಕ್ಕೆ ಬಣ್ಣವೇ ಇರುವುದಿಲ್ಲ ಅನ್ನುವುದು ಅಭಿಮಾನಿಗಳ ದೊಡ್ಡ ದೂರು. ಅರ್ಧ ನಿಜ. ಮುಂದೆ ಗರಗಸದ ತೋಳಿನ ಸಾಬ್ಲೇಜ್ ಪ್ರಶಸ್ತಿ ಎತ್ತಿದ್ದೇ ಅದಕ್ಕೆ ಒಳ್ಳೆಯ ಉತ್ತರ. ಇನ್ನೊಂದು ದೂರು ಹೆಚ್ಚು ಗಟ್ಟಿಯಾದದ್ದು: ಯಾರ ಫೋರ್ಕ್ (ಯಂತ್ರದ ಮುಂದೆ ಚಾಚಿದ ಚೂಪು ಪಟ್ಟಿ) ನೆಲಕ್ಕೆ ಹೆಚ್ಚು ತಾಗಿಕೊಂಡಿದೆಯೋ ಅವರೇ ಎದುರಾಳಿಯ ಅಡಿಗೆ ನುಗ್ಗುತ್ತಾರೆ, ಪಂದ್ಯ ಅಲ್ಲೇ ತೀರ್ಮಾನವಾಗುತ್ತದೆ ಅನ್ನುವುದು. ಇದು ನಮ್ಮ ಅಖಾಡಗಳಿಗೂ ನೇರವಾಗಿ ಅನ್ವಯಿಸುತ್ತದೆ, ತಿರುಗುಮುರುಗಾಗಿ. ಕಾಲೇಜು ಅಖಾಡದ ನೆಲವೆಂದರೆ ಕಬ್ಬಿಣದ ಹಾಳೆಗಳನ್ನು ಜೋಡಿಸಿ ಬೆಸೆದದ್ದು. ಬೆಸುಗೆಯ ಉಬ್ಬಿಗೆ ಬಿಗಿಯಾದ ಫೋರ್ಕಿನ ಮೂತಿ ಸಿಕ್ಕಿಕೊಂಡರೆ ನಿಮ್ಮ ಯಂತ್ರ ಅಲ್ಲೇ ಮುಗ್ಗರಿಸುತ್ತದೆ. ಫೋರ್ಕ್ ಹಾಕುವುದಾದರೆ ಕೀಲಿನ ಮೇಲೆ ತೂಗುವಂತೆ ಹಾಕಿ, ಮೂತಿಯ ಕೆಳಗಂಚನ್ನು ಗ್ರೈಂಡರಿನಲ್ಲಿ ದುಂಡಗೆ ಉಜ್ಜಿ.

ದೂರದರ್ಶನದ ರೋಬೋಕಾನ್ ಬೇರೆಯೇ ಬಗೆ. ಅಲ್ಲಿ ಕೊಟ್ಟ ಕೆಲಸ ಮಾಡಿ ಅಂಕ ಗಳಿಸಬೇಕು, ಹೊಡೆದಾಟವಿಲ್ಲ. ಅದನ್ನು ಮಾಡಿ ಬಂದವರಿಗೆ ವೈರಿಂಗ್, ಡ್ರೈವ್ ಚೆನ್ನಾಗಿ ಕೈಹಿಡಿದಿರುತ್ತದೆ. ಪೆಟ್ಟು ತಿನ್ನುವ ಚೌಕಟ್ಟು ಕಟ್ಟುವುದನ್ನು ಮಾತ್ರ ಹೊಸದಾಗಿ ಕಲಿಯಬೇಕು.

ಹೀಗಾಗಿ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ನಿಯಮಪುಸ್ತಕ. ಗುಂಡಿ ಅಥವಾ ಗಿಡ್ಡ ಗೋಡೆ ಇದೆಯೇ, ಅಂಕದಲ್ಲಿ ಹಾನಿಯ ಪಾಲೆಷ್ಟು, ವೋಲ್ಟೇಜಿನ ಮಿತಿ ಎಷ್ಟು, ಗಾಳಿಯ ಒತ್ತಡದ ಮಿತಿ ಎಷ್ಟು. ನಾಲ್ಕನ್ನೂ ಬರೆದು ಗೋಡೆಗೆ ಅಂಟಿಸಿ, ಆಮೇಲೆ ಆಯುಧದ ಮಾತು.

ಅಡ್ಡಬಾರ್: ಹೊಡೆತ ದೊಡ್ಡದು, ಮರುಪೆಟ್ಟೂ ದೊಡ್ಡದು

50 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪದ ಉಕ್ಕಿನ ಬಾರ್ ಸುಮಾರು 1.96 ಕೆ.ಜಿ. ತೂಗುತ್ತದೆ. ನಿಮಿಷಕ್ಕೆ 4,000 ಸುತ್ತು ತಿರುಗಿಸಿದರೆ ಅದರಲ್ಲಿ ಸುಮಾರು 3,600 ಜೂಲ್ ಶಕ್ತಿ ತುಂಬುತ್ತದೆ. ಲೆಕ್ಕದ ಮಟ್ಟಿಗೆ 15 ಕೆ.ಜಿ. ತೂಕವನ್ನು 24 ಮೀಟರ್ ಮೇಲಕ್ಕೆ ಎಸೆಯಲು ಸಾಕಾಗುವಷ್ಟು. ಬಾರಿನ ತುದಿ ಆಗ ಗಂಟೆಗೆ ಸುಮಾರು 375 ಕಿ.ಮೀ. ವೇಗದಲ್ಲಿರುತ್ತದೆ. 250 ಪೌಂಡಿನ ಯಂತ್ರಗಳ ಬ್ಯಾಟಲ್‌ಬಾಟ್ಸ್ ತುದಿಯ ವೇಗಕ್ಕೆ ಇಟ್ಟಿರುವ ಮಿತಿಯೇ ಗಂಟೆಗೆ 250 ಮೈಲಿ, ಅಂದರೆ ಸುಮಾರು 400 ಕಿ.ಮೀ. ಎರಡು ಕಿಲೋ ಕಬ್ಬಿಣದ ತುಂಡಿನಿಂದ ನೀವು ಆ ಗಡಿಯ ಹತ್ತಿರಕ್ಕೇ ಬಂದುಬಿಡುತ್ತೀರಿ.

ಆದರೆ ಎದುರಾಳಿಗೆ ಬಿದ್ದಷ್ಟೇ ಪೆಟ್ಟು ನಿಮ್ಮ ಶಾಫ್ಟಿಗೂ ಬೀಳುತ್ತದೆ. ಡ್ರಮ್ಮಿನ, ಅಂದರೆ ಹಲ್ಲು ಕೂರಿಸಿದ ತಿರುಗುವ ಉರುಳೆಯ, ಮರುಪೆಟ್ಟನ್ನು ನೆಲ ಹೊರುತ್ತದೆ. ಅಡ್ಡಬಾರಿನ ಮರುಪೆಟ್ಟು ನಿಮ್ಮ ಯಂತ್ರವನ್ನೇ ಪಕ್ಕಕ್ಕೆ ತಿರುಗಿಸಿ ಒಗೆಯುತ್ತದೆ. ಮುರಿಯುವ ಕ್ರಮವೂ ಹೆಚ್ಚುಕಡಿಮೆ ಗೊತ್ತಿರುವುದೇ: ಮೊದಲು ಬೇರಿಂಗ್ ಮನೆಯ ಬೋಲ್ಟ್ ಹಿಗ್ಗುತ್ತದೆ, ಆಮೇಲೆ ಶಾಫ್ಟ್ ಬಾಗುತ್ತದೆ, ಬಾಗಿದ ಶಾಫ್ಟಿನ ಮೇಲೆ ಬಾರ್ ತೊನೆದಾಡಿ ತನ್ನದೇ ಚೌಕಟ್ಟನ್ನು ಕಡಿಯುತ್ತದೆ. ಶಾಫ್ಟನ್ನು ಒಂದೇ ಕಡೆ ಹಿಡಿದಿದ್ದರೆ ಎರಡನೇ ಪಂದ್ಯದ ಆಸೆ ಬಿಡಿ. ಜೊತೆಗೆ, ಎದುರಾಳಿ ಮುಂದೆ ಗಟ್ಟಿ ವೆಡ್ಜ್ (ಇಳಿಜಾರು ತಗಡು) ಇಟ್ಟುಕೊಂಡು ಬಂದರೆ ಬಾರ್ ಅದರ ಮೇಲೆ ಜಾರಿ ಮೇಲಕ್ಕೆ ಹೋಗುತ್ತದೆ, ನಿಮ್ಮ ಯಂತ್ರ ಹಿಂದಕ್ಕೆ ಪಲ್ಟಿ ಹೊಡೆಯುತ್ತದೆ.

ಟೂಂಬ್‌ಸ್ಟೋನಿನ ಅಭಿಮಾನಿಗಳಿಗೆ ಬೇಸರವಾಗಬಹುದು, ಆದರೂ ನಮ್ಮ ಅಭಿಪ್ರಾಯ ಇದು: ಅಡ್ಡಬಾರ್ ಎರಡನೇ ಯಂತ್ರಕ್ಕೆ ಇರಲಿ.

ಡ್ರಮ್: ಕಚ್ಚುವುದೇ ಮುಖ್ಯ

ಹೊರವ್ಯಾಸ 9 ಸೆಂ.ಮೀ., ಒಳವ್ಯಾಸ 6 ಸೆಂ.ಮೀ., ಉದ್ದ 12 ಸೆಂ.ಮೀ. ಇರುವ ಉಕ್ಕಿನ ಕೊಳವೆ ಸುಮಾರು 3.3 ಕೆ.ಜಿ. ತೂಗುತ್ತದೆ. 8,000 ಸುತ್ತಿನಲ್ಲಿ ಸುಮಾರು 1,700 ಜೂಲ್. ಬಾರಿನ ಅರ್ಧಕ್ಕಿಂತ ಕಡಿಮೆ, ತೂಕ ಮಾತ್ರ ಹೆಚ್ಚು. ಹಾಗಿದ್ದರೆ ಇದನ್ನೇ ಯಾಕೆ ಹೇಳುತ್ತಿದ್ದೇವೆ? ಡ್ರಮ್ಮಿನ ಹೊಡೆತ ಎದುರಾಳಿಯನ್ನು ಮೇಲಕ್ಕೆ ಎತ್ತುತ್ತದೆ, ಮರುಪೆಟ್ಟು ನಿಮ್ಮ ಚಕ್ರಗಳ ಮೂಲಕ ನೆಲಕ್ಕಿಳಿಯುತ್ತದೆ. ಎರಡೂ ತುದಿಯಲ್ಲಿ ಆಧಾರ ಇರುವುದರಿಂದ ಶಾಫ್ಟ್ ಬಾಗುವುದು ಅಪರೂಪ. ಇಡೀ ಆಯುಧ ಸಾಧಾರಣ ಲೇತಿನಲ್ಲಿ ತಯಾರಾಗುತ್ತದೆ.

ಹೊಸಬರು ತಪ್ಪುವುದು ವೇಗದಲ್ಲಿ. ಹಲ್ಲು ಎದುರಾಳಿಯ ಮೈಯನ್ನು ಎಷ್ಟು ಆಳಕ್ಕೆ ಕಚ್ಚಬಲ್ಲದು ಅನ್ನುವುದಕ್ಕೆ ಸುಲಭದ ಲೆಕ್ಕವಿದೆ: ನೀವು ಮುನ್ನುಗ್ಗುವ ವೇಗವನ್ನು, ಸೆಕೆಂಡಿಗೆ ಎಷ್ಟು ಹಲ್ಲು ಎದುರಿಗೆ ಬರುತ್ತವೆಯೋ ಅದರಿಂದ ಭಾಗಿಸಿ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನುಗ್ಗುತ್ತ, 8,000 ಸುತ್ತಿನ ಡ್ರಮ್ಮಿಗೆ ಎರಡು ಹಲ್ಲಿದ್ದರೆ ಸಿಗುವುದು 11 ಮಿ.ಮೀ. ಒಂದೇ ಹಲ್ಲಿದ್ದರೆ 22 ಮಿ.ಮೀ. ನಾಲ್ಕು ಹಲ್ಲಿಟ್ಟರೆ ಆರು ಮಿ.ಮೀ.ಗೂ ಕಡಿಮೆ. ಆಗ ಡ್ರಮ್ ಕಚ್ಚುವುದಿಲ್ಲ, ಅರದಂತೆ ಉಜ್ಜಿ ಕಿಡಿ ಹಾರಿಸುತ್ತದೆ. ಕಿಡಿ ನೋಡಲು ಚೆಂದ, ಎದುರಾಳಿಗೆ ಏನೂ ಆಗುವುದಿಲ್ಲ. ಎರಡಕ್ಕಿಂತ ಹೆಚ್ಚು ಹಲ್ಲು ಬೇಡ.

ಹಲ್ಲಿನ ಜಾಗವೂ ಮುಖ್ಯ. ಎಡತುದಿಯಲ್ಲಿ ಒಂದು, ಬಲತುದಿಯಲ್ಲಿ ಅದಕ್ಕೆದುರಾಗಿ ಇನ್ನೊಂದು ಇಟ್ಟರೆ ನಿಂತಾಗ ಸಮತೋಲ ಸರಿಯಾಗಿಯೇ ಕಾಣುತ್ತದೆ. ತಿರುಗತೊಡಗಿದೊಡನೆ ಎರಡು ತುದಿಗಳೂ ಬೇರೆಬೇರೆ ದಿಕ್ಕಿಗೆ ಎಳೆಯುತ್ತವೆ, ಇಡೀ ಯಂತ್ರ ನಡುಗುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಎರಡೂ ಹಲ್ಲುಗಳು ನಡುಮಧ್ಯದ ಒಂದೇ ಸಾಲಿನಲ್ಲಿ, ಎದುರುಬದುರು ಇರಲಿ. ಮೊದಲ ಡ್ರಮ್ಮಿಗೆ 12.9 ದರ್ಜೆಯ ಎಂ12 ಅಲೆನ್ ಬೋಲ್ಟಿನ ತಲೆಯನ್ನೇ ಹಲ್ಲಾಗಿ ಬಳಸಬಹುದು. ಮುರಿದರೆ ಐದು ನಿಮಿಷದಲ್ಲಿ ಬದಲಿಸಬಹುದು. ಮುಂದಿನದಕ್ಕೆ ಇಎನ್-24 ಎಂಬ ಗಟ್ಟಿ ಉಕ್ಕಿನ ಹಲ್ಲು ಮಾಡಿಸಿ ಹದ ಹಾಕಿಸಿ.

ಒಳಗಿನ ಜೋಡಣೆ ಹೀಗಿರಲಿ: 20 ಮಿ.ಮೀ. ಇಎನ್-24 ಶಾಫ್ಟ್ ತಿರುಗಬಾರದು, ಎರಡೂ ಬದಿಯ ಗೋಡೆಗೆ ಬಿಗಿದಿರಬೇಕು. ಡ್ರಮ್ಮಿನ ಎರಡೂ ಮುಚ್ಚಳದಲ್ಲಿ 6204 ಬೇರಿಂಗ್ ಕೂತು, ಡ್ರಮ್ ಅದರ ಮೇಲೆ ತಿರುಗಬೇಕು. ನಿಂತ ಶಾಫ್ಟ್ ಚೌಕಟ್ಟಿಗೂ ಒಂದು ತೊಲೆಯಾಗುತ್ತದೆ. ಸುಮಾರು 500 ಕೆವಿಯ (ಕಿಲೋವೋಲ್ಟ್ ಅಲ್ಲ, ಒಂದು ವೋಲ್ಟಿಗೆ ನಿಮಿಷಕ್ಕೆ 500 ಸುತ್ತು ಎಂದರ್ಥ) ಬ್ರಶ್‌ಲೆಸ್ ಮೋಟಾರು 6-ಸೆಲ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯಲ್ಲಿ 11,000 ಸುತ್ತಿನ ಹತ್ತಿರ ಹೋಗುತ್ತದೆ. 1.4ಕ್ಕೆ 1ರಂತೆ ಪುಲ್ಲಿ ಇಳಿಸಿದರೆ 8,000 ಸಿಗುತ್ತದೆ. ಒಂದೂವರೆ ಕಿಲೋವ್ಯಾಟ್ ಮೋಟಾರಿದ್ದರೆ ಎರಡು ಮೂರು ಸೆಕೆಂಡಿನಲ್ಲಿ ಪೂರ್ಣ ವೇಗ.

ಬೆಲ್ಟಿನ ವಿಷಯದಲ್ಲಿ ನಮ್ಮ ಭಾಗದವರು ಒಂದೇ ತಪ್ಪನ್ನು ಮತ್ತೆಮತ್ತೆ ಮಾಡುತ್ತಾರೆ. ಸಿಂಧನೂರು, ಮಾನ್ವಿ, ಗಂಗಾವತಿ, ಕಾರಟಗಿಯ ರೈಸ್‌ಮಿಲ್ ಸ್ಪೇರ್ ಅಂಗಡಿಗಳಲ್ಲಿ 'ಎ' ಸೆಕ್ಷನ್ ವಿ-ಬೆಲ್ಟ್ ಯಾವಾಗಲೂ ಸಿಗುತ್ತದೆ, ಅದನ್ನೇ ತಂದು ಹಾಕುತ್ತಾರೆ. ಅದಕ್ಕೆ ಕನಿಷ್ಠ 70–75 ಮಿ.ಮೀ. ಪುಲ್ಲಿ ಬೇಕು. 30 ಮಿ.ಮೀ. ಪುಲ್ಲಿಗೆ ಸುತ್ತಿದರೆ ಬಾಗಲಾರದೆ ಕಾಯುತ್ತದೆ, ಜಾರುತ್ತದೆ, ಡ್ರಮ್ಮಿಗೆ ಹೋಗಬೇಕಾದ ಶಕ್ತಿಯೆಲ್ಲ ಬೆಲ್ಟಿನಲ್ಲೇ ಸುಟ್ಟುಹೋಗುತ್ತದೆ. ವಾಷಿಂಗ್ ಮಷೀನಿನಲ್ಲಿರುವ ಸಣ್ಣ ಗೆರೆಗಳ ಪಾಲಿ-ವಿ ಬೆಲ್ಟ್ 25–30 ಮಿ.ಮೀ. ಪುಲ್ಲಿಗೂ ಸರಿಹೊಂದುತ್ತದೆ, ದೊಡ್ಡ ಪೆಟ್ಟು ಬಿದ್ದಾಗ ಸ್ವಲ್ಪ ಜಾರಿ ಮೋಟಾರನ್ನು ಉಳಿಸುತ್ತದೆ. ಹಲ್ಲಿನ ಟೈಮಿಂಗ್ ಬೆಲ್ಟ್ ಬೇಡ, ಮೊದಲ ಗಟ್ಟಿ ಪೆಟ್ಟಿಗೇ ಹಲ್ಲು ಕಿತ್ತುಬರುತ್ತದೆ.

ಯಂತ್ರ ಮಗುಚಿ ಬಿದ್ದರೂ ಚಕ್ರ ನೆಲ ಮುಟ್ಟುವಂತಿದ್ದರೆ ಡ್ರಮ್ ಯಂತ್ರ ಓಡುತ್ತದೆ. ಆಗ ಡ್ರಮ್ ಎದುರಾಳಿಯನ್ನು ಎತ್ತುವ ಬದಲು ಕೆಳಕ್ಕೆ ಒತ್ತುತ್ತದೆ. ಹಾಗಾಗಿ ಹಿಂದುಮುಂದು ತಿರುಗಿಸಬಲ್ಲ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) ತೆಗೆದುಕೊಂಡು, ರಿಮೋಟಿನ ಒಂದು ಸ್ವಿಚ್ಚಿಗೆ ಅದನ್ನು ಕೊಡಿ.

ನೆಟ್ಟಗೆ ತಿರುಗುವ ದೊಡ್ಡ ಡಿಸ್ಕ್ ಬಾರಿಗೂ ಡ್ರಮ್ಮಿಗೂ ನಡುವಿನದು. ಕಚ್ಚುವುದು ಆಳ, ಎತ್ತುವುದು ಎತ್ತರ. ತೊಂದರೆ ಒಂದೇ: ವೇಗವಾಗಿ ಓಡುವಾಗ ಪಕ್ಕಕ್ಕೆ ತಿರುಗಿಸಿದರೆ ಬುಗುರಿಯ ಗುಣದಿಂದ ಒಂದು ಚಕ್ರ ಮೇಲೇಳುತ್ತದೆ. ಚಕ್ರಗಳ ನಡುವಿನ ಅಗಲ ಹೆಚ್ಚಿಸಬೇಕು, ತಿರುಗಿಸುವಾಗ ಆಯುಧದ ವೇಗ ಇಳಿಸಬೇಕು. ಕೈಪಳಗಿದ ಡ್ರೈವರ್ ಇರುವ ತಂಡಕ್ಕೆ ಸರಿ.

ಫ್ಲಿಪ್ಪರ್: ಒತ್ತಡಕ್ಕಿಂತ ಹರಿವು

50 ಮಿ.ಮೀ. ಬೋರಿನ ಸಿಲಿಂಡರಿಗೆ 8 ಬಾರ್ (ಇಲ್ಲಿ ಬಾರ್ ಅಂದರೆ ಒತ್ತಡದ ಅಳತೆ) ಒತ್ತಡ ಕೊಟ್ಟರೆ ಸುಮಾರು 160 ಕೆ.ಜಿ.ಯ ಬಲ. ಕಾಗದದ ಮೇಲೆ ಇದು 15 ಕೆ.ಜಿ. ಯಂತ್ರವನ್ನು ಚೆಂಡಿನಂತೆ ಹಾರಿಸಬೇಕು. ಅಖಾಡದಲ್ಲಿ ಹಾರುವುದಿಲ್ಲ, ಮೆಲ್ಲಗೆ ಏಳುತ್ತದೆ. ಕಾರಣ ಕಾಲಿಂಚಿನ ವಾಲ್ವ್ ಮತ್ತು ಸಣ್ಣ ಪೈಪು. ಗಾಳಿ ಸಿಲಿಂಡರಿಗೆ ನುಗ್ಗುವಷ್ಟರಲ್ಲಿ ತೋಳು ಅರ್ಧ ಎದ್ದಿರುತ್ತದೆ. ಅರ್ಧ ಇಂಚಿನ ವಾಲ್ವ್, ಸಿಲಿಂಡರಿನ ಪಕ್ಕದಲ್ಲೇ ಒಂದು ಬಫರ್ ಟ್ಯಾಂಕ್, ಎರಡರ ನಡುವೆ ಗೇಣುದ್ದಕ್ಕಿಂತ ಕಡಿಮೆ ದಪ್ಪ ಪೈಪು. ಇಷ್ಟಾದರೆ ಮಾತ್ರ ಅದು ಫ್ಲಿಪ್ಪರ್, ಇಲ್ಲವಾದರೆ ಲಿಫ್ಟರ್.

ಬರೀ ಗಾಳಿ ತುಂಬಿದರೆ ಎಷ್ಟು ಹೊಡೆತ ಸಿಗುತ್ತದೆ? 2 ಲೀಟರ್ ಟ್ಯಾಂಕಿನಲ್ಲಿ 10 ಬಾರ್ ತುಂಬಿ, ಅದೇ ಸಿಲಿಂಡರನ್ನು 100 ಮಿ.ಮೀ. ಓಡಿಸಿದರೆ ಐದನೇ ಹೊಡೆತದ ಹೊತ್ತಿಗೆ ಒತ್ತಡ 6 ಬಾರ್‌ಗೆ ಇಳಿದಿರುತ್ತದೆ, ಎಂಟರ ಹೊತ್ತಿಗೆ 4ರ ಹತ್ತಿರ. ಅಂದರೆ ಒಂದು ಪಂದ್ಯಕ್ಕೆ ನಾಲ್ಕೈದು ಒಳ್ಳೆಯ ಹೊಡೆತ. ಗುರಿ ತಪ್ಪಿಸುವ ಡ್ರೈವರ್ ಇದ್ದರೆ ಅಷ್ಟೂ ಗಾಳಿಗೆ ಹೋಯಿತು.

ಕಾರ್ಬನ್ ಡೈಆಕ್ಸೈಡ್ ತುಂಬಿದರೆ ಹೊಡೆತಗಳ ಸಂಖ್ಯೆ ಹೆಚ್ಚು. ಆದರೆ ನಮ್ಮ ಬಿಸಿಲನ್ನು ಮರೆಯಬೇಡಿ. 30 ಡಿಗ್ರಿಯಲ್ಲಿ ಬಾಟಲಿಯ ಒಳಗೆ ಸುಮಾರು 72 ಬಾರ್ ಇರುತ್ತದೆ. 31 ಡಿಗ್ರಿ ದಾಟಿದರೆ ಒಳಗೆ ದ್ರವವೇ ಉಳಿಯುವುದಿಲ್ಲ, ಅಲ್ಲಿಂದ ಮುಂದೆ ಒತ್ತಡ ಬಾಟಲಿ ಎಷ್ಟು ತುಂಬಿದೆ ಅನ್ನುವುದರ ಮೇಲೆ ಜಿಗಿಯುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುತ್ತದೆ, ನಿಲ್ಲಿಸಿದ ಕಾರಿನ ಒಳಗೆ ಇನ್ನೂ ಹೆಚ್ಚು. ಬಾಟಲಿಯನ್ನು ಪೂರ್ತಿ ತುಂಬಿಸದೆ, ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಡಿ. ಒತ್ತಡ ಬಿಡುಗಡೆಯ ವಾಲ್ವ್ ಇಲ್ಲದ ಬಾಟಲಿಯನ್ನು ಮುಟ್ಟಲೇಬೇಡಿ. ಇದಕ್ಕೆ ತದ್ವಿರುದ್ಧ ತೊಂದರೆ ರೆಗ್ಯುಲೇಟರಿನದು: ಬಿಡದೆ ಹೊಡೆದರೆ ಅನಿಲ ಹಿಗ್ಗುತ್ತ ತಣ್ಣಗಾಗಿ ರೆಗ್ಯುಲೇಟರ್ ಹಿಮಗಟ್ಟುತ್ತದೆ, ಅದೂ ಹೊರಗೆ ಸುಡುಬಿಸಿಲು ಇರುವಾಗಲೇ.

ಗುಂಡಿ ಅಥವಾ ಗಿಡ್ಡ ಗೋಡೆಯಿರುವ ಅಖಾಡಕ್ಕೆ ಹೋಗುತ್ತಿದ್ದರೆ ಫ್ಲಿಪ್ಪರ್ ಕಟ್ಟಿ, ಆ ಕಷ್ಟಕ್ಕೆ ತಕ್ಕ ಫಲವಿದೆ. ಪೂರ್ತಿ ಮುಚ್ಚಿದ ಪೆಟ್ಟಿಗೆಗೆ ಬೇಡ.

ಉಳಿದವು

ಸುತ್ತಿಗೆ, ಕೊಡಲಿ ಟಿವಿಯಲ್ಲಿ ಕುರ್ಚಿಯಿಂದ ಎಬ್ಬಿಸುತ್ತವೆ. 15 ಕೆ.ಜಿ.ಯಲ್ಲಿ ಅವಕ್ಕೆ ದಮ್ಮಿಲ್ಲ. ಸ್ಪಿನ್ನರ್ ಮೂರು ಸೆಕೆಂಡ್ ಶಕ್ತಿ ಕೂಡಿಟ್ಟು ಒಮ್ಮೆ ಹೊಡೆಯುತ್ತದೆ, ಸುತ್ತಿಗೆಗೆ ಸಿಗುವುದು ಅರ್ಧ ಸುತ್ತು ಮಾತ್ರ.

ಲಿಫ್ಟರ್ ಮತ್ತು ವೆಡ್ಜ್ ಯಂತ್ರಗಳಿಗೆ ಅಭಿಮಾನಿಗಳು ಕಡಿಮೆ. ಹೊಸ ತಂಡಕ್ಕೆ ಇವುಗಳಷ್ಟು ಕಲಿಸುವ ಯಂತ್ರ ಬೇರೆಯಿಲ್ಲ. ಖರ್ಚು ಕಡಿಮೆ, ಮುರಿಯುವುದು ಕಡಿಮೆ, ಡ್ರೈವರಿಗೆ ಪೂರ್ತಿ ಮೂರು ನಿಮಿಷ ಅಭ್ಯಾಸ. ಅಂಕದಲ್ಲಿ ಹಾನಿಯ ಪಾಲು ದೊಡ್ಡದಿದ್ದರೆ ಮಾತ್ರ ತೀರ್ಪಿನಲ್ಲಿ ಸೋಲುತ್ತೀರಿ. ಕೆಲವು ಕಡೆ ಚಲಿಸುವ ಆಯುಧ ಕಡ್ಡಾಯ. ಬ್ಯಾಟಲ್‌ಬಾಟ್ಸ್‌ನಲ್ಲೂ ಬರೀ ವೆಡ್ಜಿಗೆ ಪ್ರವೇಶವಿಲ್ಲ.

ಈ ಮೂರು ಜಿಲ್ಲೆಗಳಲ್ಲಿ ಕೈಗೆ ಸಿಗುವ ಸಾಮಾನು

ಕವಚದ ವಿಷಯದಲ್ಲಿ ನಮ್ಮ ಭಾಗದವರು ಅದೃಷ್ಟವಂತರು. ಸಂಡೂರಿನ ಗಣಿಗಳಲ್ಲಿ ಓಡುವ ಟಿಪ್ಪರ್, ಎಕ್ಸ್‌ಕವೇಟರ್ ಬಕೆಟ್‌ಗಳಿಗೆ ಹೊಡೆಯುವ ಸವಕಳಿ ತಡೆಯುವ ತಗಡು, ಹಾರ್ಡಾಕ್ಸ್ ಥರದ್ದು, ರಿಪೇರಿ ಅಂಗಡಿಗಳಲ್ಲಿ ತುಂಡುತುಂಡಾಗಿ ಮಿಕ್ಕಿರುತ್ತದೆ. 4 ಮಿ.ಮೀ. ದಪ್ಪದ 30×10 ಸೆಂ.ಮೀ. ತುಂಡು ಒಂದು ಕೆ.ಜಿ.ಗಿಂತ ಸ್ವಲ್ಪ ಕಡಿಮೆ ತೂಗುತ್ತದೆ, ಮುಂದಿನ ವೆಡ್ಜಿಗೆ ಅಷ್ಟು ಸಾಕು. ಗ್ಯಾಸ್ ಕಟಿಂಗ್ ಮಾತ್ರ ಬೇಡ. 250 ಡಿಗ್ರಿ ಮೀರಿ ಕಾದರೆ ಅದರ ಹದ ಹೋಗುತ್ತದೆ, ಕತ್ತರಿಸಿದ ಅಂಚೇ ಮೆತ್ತಗಾಗುತ್ತದೆ, ಪೆಟ್ಟು ಬೀಳುವುದೂ ಅಲ್ಲಿಗೇ. ಗ್ರೈಂಡರಿನ ಕಟಿಂಗ್ ಚಕ್ರದಲ್ಲಿ ಆಗಾಗ ನಿಲ್ಲಿಸಿ ತಣಿಸುತ್ತ ನಿಧಾನಕ್ಕೆ ಕತ್ತರಿಸಿ. ವಿದ್ಯುತ್ ಗ್ರೈಂಡರಿಗೆ ನೀರು ತಾಗದಿರಲಿ, ಕತ್ತರಿಸುವುದನ್ನು ನಿಲ್ಲಿಸಿ ತುಂಡಿನ ಮೇಲಷ್ಟೇ ನೀರು ಸುರಿಯಿರಿ. ತೂತಿಗೆ ಕೋಬಾಲ್ಟ್ ಬಿಟ್, ಕಡಿಮೆ ಸುತ್ತು, ಬಿಡದೆ ಒತ್ತಡ. ವೆಲ್ಡಿಂಗ್ ಅಂಗಡಿಯವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು 6013 ರಾಡು. ಈ ತಗಡಿಗೆ ಅದು ಬಿರುಕು ಬಿಡಿಸುತ್ತದೆ, 7018 ರಾಡನ್ನೇ ಕೇಳಿ, ಅದನ್ನು ಒಣಗಿಸಿ ಬಳಸಲು ಹೇಳಿ.

ತೋರಣಗಲ್ಲು, ಗಿಣಿಗೇರಿ ಸುತ್ತಿನ ಕಬ್ಬಿಣದ ಕಾರ್ಖಾನೆಗಳಲ್ಲಿ ಅದಿರು, ಕಲ್ಲಿದ್ದಲು ಜಾರುವ ಹಾಪರ್‌ಗಳ ಒಳಗೆ ಹೊದಿಸುವ ದಪ್ಪ ಬಿಳಿ ಪ್ಲಾಸ್ಟಿಕ್ ಹಾಳೆ ಇದೆಯಲ್ಲ, ಯುಎಚ್‌ಎಂಡಬ್ಲ್ಯು, ಅದು ಚೌಕಟ್ಟಿನ ಗೋಡೆಗೆ ಚಿನ್ನದಂಥ ಸಾಮಾನು. ಒಡೆಯುವುದಿಲ್ಲ, ಹಲ್ಲು ಬಿದ್ದರೆ ಗೀಚಿಕೊಂಡು ಬಿಡುತ್ತದೆ. ಬ್ಯಾಟಲ್‌ಬಾಟ್ಸ್‌ನ ಹ್ಯೂಜ್ ಯಂತ್ರದ ದೈತ್ಯ ಚಕ್ರಗಳು ಇದರದ್ದೇ. 10 ಮಿ.ಮೀ. ದಪ್ಪದ 30 ಸೆಂ.ಮೀ. ಚೌಕ ಸುಮಾರು 850 ಗ್ರಾಂ. ಮೆತ್ತಗಿರುವುದರಿಂದ ಇದಕ್ಕೆ ಥ್ರೆಡ್ ಕೊರೆದು ಬೋಲ್ಟ್ ಬಿಗಿದರೆ ಕಿತ್ತುಬರುತ್ತದೆ. ಆಚೆಯಿಂದ ಈಚೆಗೆ ತೂರಿಸಿ, ಎರಡೂ ಕಡೆ ಅಗಲ ವಾಷರ್ ಕೊಟ್ಟು ನಟ್ ಬಿಗಿಯಿರಿ.

ಲಾರಿಯ ಹಳೆಯ ಕಮಾನ್ ಪಟ್ಟಿಯಿಂದ ಬಾರ್ ಮಾಡಿಕೊಳ್ಳಬಹುದು ಅನ್ನುವ ಸಲಹೆ ಗುಜರಿ ಅಂಗಡಿಯಲ್ಲೇ ಸಿಗುತ್ತದೆ. ಉಕ್ಕು ಒಳ್ಳೆಯದೇ. ಆದರೆ ಲಕ್ಷಾಂತರ ಸಲ ಬಾಗಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. 4,000 ಸುತ್ತಿನಲ್ಲಿ ಅದು ತುಂಡಾದರೆ ಯಾವ ದಿಕ್ಕಿಗೆ ಹಾರುತ್ತದೆ ಎಂದು ಹೇಳಲಾಗದು. ಲಿಫ್ಟರಿನ ತೋಳಿಗೆ ಬಳಸಿ, ತಿರುಗುವ ಆಯುಧಕ್ಕೆ ಬೇಡ.

ತೂಕ ಹಂಚುವಾಗ ಡ್ರೈವಿಗೆ 4 ಕೆ.ಜಿ., ಮೋಟಾರು ಸೇರಿ ಆಯುಧಕ್ಕೆ 4.5, ಬ್ಯಾಟರಿ ಮತ್ತು ಎಲೆಕ್ಟ್ರಾನಿಕ್ಸ್‌ಗೆ 1.5, ಚೌಕಟ್ಟು ಕವಚಕ್ಕೆ 4.7 ಇಟ್ಟು, 300 ಗ್ರಾಂ ಉಳಿಸಿಕೊಳ್ಳಿ. ನಟ್ಟು ಬೋಲ್ಟು ವೈರಿನ ತೂಕವನ್ನು ಎಲ್ಲರೂ ಮರೆಯುತ್ತಾರೆ.

ತಿರುಗಿಸಿ ನೋಡುವಾಗ

ಆಯುಧವನ್ನು ಬಯಲಲ್ಲಿ, ಕಾರಿಡಾರಿನಲ್ಲಿ, ಹಾಸ್ಟೆಲ್ ಕೋಣೆಯಲ್ಲಿ ಎಂದೂ ತಿರುಗಿಸಬೇಡಿ. ದಪ್ಪ ಕಬ್ಬಿಣದ ಪೆಟ್ಟಿಗೆಯೊಳಗೆ ಯಂತ್ರ, ಗೋಡೆಯ ಹಿಂದೆ ನೀವು. ಕೈ ಹಾಕುವಾಗೆಲ್ಲ ಆಯುಧಕ್ಕೆ ಅಡ್ಡಪಿನ್ ಇರಲಿ, ಬ್ಯಾಟರಿಯ ಲಿಂಕ್ ಕಿತ್ತಿರಲಿ. ರಿಮೋಟ್ ಆಫ್ ಮಾಡಿದೊಡನೆ ಚಕ್ರಗಳು ನಿಲ್ಲಬೇಕು, ಆಯುಧ 60 ಸೆಕೆಂಡಿನೊಳಗೆ ಪೂರ್ತಿ ನಿಲ್ಲಬೇಕು. ಪಂದ್ಯಕ್ಕೆ ಮುಂಚಿನ ತಪಾಸಣೆಯಲ್ಲಿ ತಂಡಗಳು ಮನೆಗೆ ಮರಳುವುದು ಹೆಚ್ಚಾಗಿ ಇದೊಂದರಲ್ಲೇ, ರಿಸೀವರಿನ ಫೇಲ್‌ಸೇಫ್ (ಸಿಗ್ನಲ್ ಕಡಿದಾಗ ಎಲ್ಲವನ್ನೂ ನಿಲ್ಲಿಸುವ ವ್ಯವಸ್ಥೆ) ಹೊಂದಿಸದೆ ಬಂದಿರುತ್ತಾರೆ.

ಮೂರು ನಿಮಿಷ ಪೂರ್ತಿ ಓಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಓಡಿಸಿ, ಹೀಗೆ ಮೂರು ಸಲ, ಮಧ್ಯಾಹ್ನದ ಹೊತ್ತಿನಲ್ಲೇ. ಪಂದ್ಯದ ದಿನ ಸಿಗುವ ಬಿಡುವೂ ಸುಮಾರು ಅಷ್ಟೇ. 5,000 ಎಂಎಎಚ್ ಪ್ಯಾಕನ್ನು 5 ಆಂಪಿಯರಿನಲ್ಲಿ ತುಂಬಲು ಒಂದು ಗಂಟೆ ಬೇಕು, ಆದ್ದರಿಂದ ಮೂರು ಪ್ಯಾಕ್ ಇಲ್ಲದೆ ಹೊರಡಬೇಡಿ. ಯಂತ್ರದಿಂದ ತೆಗೆದ ಪ್ಯಾಕ್ 45 ಡಿಗ್ರಿಗಿಂತ ಬಿಸಿಯಿದ್ದರೆ ಚಾರ್ಜರಿಗೆ ಹಚ್ಚಬಾರದು. ಬಳ್ಳಾರಿಯ ಮೇ ತಿಂಗಳಲ್ಲಿ ಅದು ತಾನಾಗಿ ತಣಿಯುವುದಿಲ್ಲ, ಫ್ಯಾನಿನ ಕೆಳಗಿಟ್ಟು ಇಪ್ಪತ್ತು ನಿಮಿಷ ಕಾಯಿರಿ. ಉಬ್ಬಿದ ಪ್ಯಾಕನ್ನು ಅದೇ ದಿನ ಬದಿಗಿಡಿ. ವಾರಗಟ್ಟಲೆ ಇಡುವುದಾದರೆ ಒಂದೊಂದು ಸೆಲ್ 3.8 ವೋಲ್ಟಿನಲ್ಲಿರಲಿ.